ಶಾಲೆಯ ಟೆಲಿಸ್ಕೋಪಿನಲ್ಲಿ ಮಕ್ಕಳಿಗೆ ಸೂರ್ಯನನ್ನು ತೋರಿಸಬೇಕು: ಯಾವ ಸಾಮಾನು ಕೊಳ್ಳಲಿ?

ಗುಡಿಬಂಡೆ ಟೀಚರ್

ಎಲ್ಲರಿಗೂ ನಮಸ್ಕಾರ. ಗುಡಿಬಂಡೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಎರಡು ಟೆಲಿಸ್ಕೋಪ್ ಕೊಟ್ಟಿದ್ದಾರೆ. ಒಂದು 70 ಮಿ.ಮೀ. ಲೆನ್ಸಿನದು, ಫೋಕಲ್ ಲೆಂತ್ 700 ಮಿ.ಮೀ. ಇನ್ನೊಂದು 130 ಮಿ.ಮೀ. ಕನ್ನಡಿಯ ನ್ಯೂಟೋನಿಯನ್.

ರಾತ್ರಿ ತೋರಿಸೋಣ ಅಂದರೆ ಮಕ್ಕಳು ಇರುವುದಿಲ್ಲ. ಸುತ್ತಲ ಹಳ್ಳಿಗಳಿಂದ ಬರುವವರು. ಸಂಜೆ ಬಸ್ಸು ತಪ್ಪಿದರೆ ಮನೆ ಸೇರುವುದೇ ಕಷ್ಟ. ಹಾಗಾಗಿ ಶಾಲೆಯ ಹೊತ್ತಿನಲ್ಲಿ ಅವರಿಗೆ ನಾನು ತೋರಿಸಬಹುದಾದ ನಕ್ಷತ್ರ ಒಂದೇ. ಅದು ಸೂರ್ಯ.

70 ಮಿ.ಮೀ. ಟೆಲಿಸ್ಕೋಪಿನ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕಪ್ಪು ಗಾಜು ಇದೆ. ಐಪೀಸಿನ (ಕಣ್ಣಿಟ್ಟು ನೋಡುವ ಪುಟ್ಟ ಮಸೂರದ) ಹಿಂದೆ ತಿರುಗಿಸಿ ಹಾಕುವಂಥದ್ದು. ಮೇಲೆ ‘ಸನ್’ ಅಂತ ಬರೆದಿದೆ. ಅದು ಸಾಕಾ? ಇಲ್ಲ ಅಂದರೆ ಏನು ಕೊಳ್ಳಬೇಕು? ಎಸ್‌ಡಿಎಂಸಿಯವರು 10,000 ರೂಪಾಯಿ ಕೊಡಲು ಒಪ್ಪಿದ್ದಾರೆ. ತುಂಬಾ ಬೇಕೇ ಬೇಕು ಅಂದರೆ ಹಳೆಯ ವಿದ್ಯಾರ್ಥಿಗಳನ್ನು ಇನ್ನೊಮ್ಮೆ ಕೇಳಬಹುದು. ಒಂದು ಸಲಕ್ಕೆ ಮೂವತ್ತು ನಲವತ್ತು ಮಕ್ಕಳು ಸಾಲಿನಲ್ಲಿ ನಿಲ್ಲುತ್ತಾರೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿ.

ನಂದಿ ತಪ್ಪಲು

ಟೀಚರ್, ಮೊದಲು ಆ ಕಪ್ಪು ಗಾಜಿನ ವಿಷಯ. ದಯವಿಟ್ಟು ಅದನ್ನು ಇವತ್ತೇ ಒಡೆದು ಬಿಸಾಕಿ. ಬೀರುವಿನಲ್ಲಿ ಎತ್ತಿಡಬೇಡಿ. ಮುಂದೆ ಯಾರೋ ಹೊಸ ಮೇಷ್ಟ್ರು ಬಂದು ‘ಸನ್ ಅಂತ ಬರೆದಿದೆಯಲ್ಲ’ ಅಂತ ಹಾಕಿಬಿಡುತ್ತಾರೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ನಡು ಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. 70 ಮಿ.ಮೀ. ಲೆನ್ಸ್ ಅದರಲ್ಲಿ ಹತ್ತಿರ ಹತ್ತಿರ 4 ವ್ಯಾಟ್ ಹಿಡಿಯುತ್ತದೆ. ನಿಮ್ಮ 130 ಮಿ.ಮೀ. ಕನ್ನಡಿ 13 ವ್ಯಾಟ್ ಹಿಡಿಯುತ್ತದೆ. 8 ಇಂಚಿನದು 30 ವ್ಯಾಟ್ ದಾಟುತ್ತದೆ. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಷ್ಟು ಶಾಖವೂ ಫೋಕಸ್ಸಿನಲ್ಲಿ ಕೆಲವೇ ಮಿಲಿಮೀಟರ್ ಅಗಲದ ಜಾಗಕ್ಕೆ ಬಂದು ಕೂರುತ್ತದೆ. ಆ ಪುಟ್ಟ ಗಾಜು ಇರುವುದು ಸರಿಯಾಗಿ ಅಲ್ಲೇ. ಕಾದು ಕಾದು ಒಂದು ಕ್ಷಣದಲ್ಲಿ ಸೀಳುತ್ತದೆ. ಆಗ ಹಿಂದೆ ಇರುವುದು ಮಗುವಿನ ಕಣ್ಣು.

ಸೂರ್ಯನ ಸಾಮಾನಿಗೆ ನನ್ನ ಮಟ್ಟಿಗೆ ಒಂದೇ ನಿಯಮ. ಬೆಳಕು ಟೆಲಿಸ್ಕೋಪಿನ ಒಳಗೆ ಹೋಗುವ ಮೊದಲೇ ತಡೆಯಬೇಕು. ಒಳಗೆ ಬಿಟ್ಟು ಆಮೇಲೆ ತಡೆಯೋಣ ಅನ್ನುವ ಸಾಮಾನು ಶಾಲೆಗೆ ಬೇಡ.

ಶಿಡ್ಲಘಟ್ಟ ರೀಲರ್

ಒಪ್ಪುತ್ತೇನೆ ಅಣ್ಣ. ನನ್ನ ಬಳಿಯೂ 70 ಮಿ.ಮೀ.ನದೇ ಇದೆ. ನಾನು ಬಳಸುವುದು ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಮ್. ನೋಡಲು ಬೆಳ್ಳಿ ಹಾಳೆಯ ಹಾಗೆ ಇರುತ್ತದೆ. ಎ4 ಅಳತೆಯ ಹಾಳೆ ತರಿಸಿದರೆ ನಿಮ್ಮ ಎರಡೂ ಟೆಲಿಸ್ಕೋಪಿಗೆ ಆಗುತ್ತದೆ. ಎಸ್‌ಡಿಎಂಸಿ ದುಡ್ಡಿನಲ್ಲೇ ಮುಗಿಯುತ್ತದೆ, ಮಿಕ್ಕುತ್ತದೆ ಕೂಡ.

ಕೊಳ್ಳುವಾಗ ಒಂದು ಅಂಕಿ ನೋಡಿ. ಆ ಫಿಲ್ಮ್ ಎರಡು ಥರ ಬರುತ್ತದೆ. 5.0 ಅಂತ ಇರುವುದು ಕಣ್ಣಿಗೆ. 3.8 ಅಂತ ಇರುವುದು ಕ್ಯಾಮೆರಾಗೆ ಮಾತ್ರ. 5.0 ಅಂದರೆ ಲಕ್ಷದಲ್ಲಿ ಒಂದು ಪಾಲು ಬೆಳಕು ಒಳಗೆ ಹೋಗುತ್ತದೆ. 3.8ರಲ್ಲಿ ಅದರ ಸುಮಾರು 16 ಪಟ್ಟು ಹೋಗುತ್ತದೆ. ಎರಡೂ ನೋಡಲು ಒಂದೇ ಥರ ಇರುತ್ತವೆ. ಪೊಟ್ಟಣದ ಮೇಲಿನ ಬರಹ ಬಿಟ್ಟರೆ ಬೇರೆ ಗುರುತು ಕಾಣುವುದಿಲ್ಲ. ಶಾಲೆಗೆ 3.8 ತರಿಸಲೇಬೇಡಿ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಯಾರಾದರೂ ಹೇಳಿದರೂ ಬೇಡ.

ಬಾಗೇಪಲ್ಲಿ ಹುಡುಗ

ಸರ್, ಗ್ರಹಣದ ಕನ್ನಡಕ ನನ್ನ ಹತ್ತಿರ ಇದೆ, 2019 ಡಿಸೆಂಬರ್ 26ರ ಗ್ರಹಣಕ್ಕೆ ತಂದಿದ್ದು. ಅದನ್ನು ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ನೋಡಬಹುದಾ? ಎರಡು ಜೊತೆ ಒಂದರ ಮೇಲೊಂದು ಹಾಕಿದರೆ?

ನಂದಿ ತಪ್ಪಲು

ಬೇಡ ತಮ್ಮ. ಒಂದೂ ಬೇಡ, ಎರಡೂ ಬೇಡ. ಗ್ರಹಣದ ಕನ್ನಡಕ ಬರಿಗಣ್ಣಿಗೆ ಮಾಡಿದ್ದು. ಐಪೀಸಿನಿಂದ ಹೊರಬರುವ ಬೆಳಕು ಅದರ ಹಾಳೆಯನ್ನೇ ತೂತು ಮಾಡುತ್ತದೆ. ಬೈನಾಕ್ಯುಲರಿಗೂ ಇದೇ ಮಾತು. ವೆಲ್ಡಿಂಗ್ ಗಾಜಿನ 14ನೇ ನಂಬರ್ ಕೂಡ ಬರಿಗಣ್ಣಿಗೆ ಮಾತ್ರ.

ಆ ಕನ್ನಡಕದಲ್ಲಿ ಗೀರು ಇಲ್ಲದಿದ್ದರೆ, ಐಎಸ್‌ಒ 12312-2 ಅಂತ ಬರೆದಿದ್ದರೆ, ತಯಾರಿಸಿದವರ ಹೆಸರೂ ಇದ್ದರೆ ಇಟ್ಟುಕೋ. ಬರಿಗಣ್ಣಿನಲ್ಲಿ ಸೂರ್ಯನ ಮೇಲೆ ದೊಡ್ಡ ಕಪ್ಪು ಕಲೆ ಬಂದಿದೆಯಾ ಅಂತ ನೋಡಲು ಉಪಯೋಗಕ್ಕೆ ಬರುತ್ತದೆ. 2024ರ ಮೇ ತಿಂಗಳಲ್ಲಿ 3664 ಅನ್ನುವ ಕಲೆಗಳ ಗುಂಪು ಬಂದಿತ್ತಲ್ಲ, ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಗುವಂತೆ ಮಾಡಿದ್ದು, ಅದು ಬರೀ ಕನ್ನಡಕದಲ್ಲೇ ಕಾಣುತ್ತಿತ್ತು.

ಚಿಂತಾಮಣಿ ಕಣ್ಣಿನ ಪರೀಕ್ಷಕಿ

ನಾನು ಕಣ್ಣು ಪರೀಕ್ಷೆ ಮಾಡುವವಳು. ಟೆಲಿಸ್ಕೋಪಿನ ಬಗ್ಗೆ ಹೆಚ್ಚು ಗೊತ್ತಿಲ್ಲ. ಆದರೆ ಈ ಮಾತು ಹೇಳಲೇಬೇಕು.

ನಮ್ಮ ರೆಟಿನಾಗೆ ನೋವು ಗೊತ್ತಾಗುವುದಿಲ್ಲ. ಬೆರಳು ಸುಟ್ಟರೆ ಕೈ ತಾನಾಗಿ ಹಿಂದೆ ಬರುತ್ತದೆ. ರೆಟಿನಾ ಸುಟ್ಟರೆ ಮಗು ಸುಮ್ನೆ ನೋಡುತ್ತಲೇ ಇರುತ್ತದೆ. ಕೆಲವು ಗಂಟೆ ಆದಮೇಲೆ, ಕೆಲವರಿಗೆ ಮರುದಿನ, ನೋಟದ ನಡುವೆ ಮಂಜು ಅಥವಾ ಕಪ್ಪು ಚುಕ್ಕೆ ಕಾಣಿಸುತ್ತದೆ. ಗೆರೆಗಳು ಸೊಟ್ಟಗೆ ಕಾಣುತ್ತವೆ. ಓದುವುದು ಆ ನಡುಭಾಗದಿಂದಲೇ ಅಲ್ವಾ? ಕೆಲವರಿಗೆ ತಿಂಗಳುಗಳಲ್ಲಿ ಸ್ವಲ್ಪ ಸರಿಹೋಗುತ್ತದೆ. ಕೆಲವರಿಗೆ ಹಾಗೇ ಉಳಿಯುತ್ತದೆ. ಖಚಿತವಾಗಿ ವಾಸಿ ಮಾಡುವ ಔಷಧಿ ಇಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು. ಅವರ ಕಣ್ಣಿನೊಳಗಿನ ಮಸೂರ ದೊಡ್ಡವರದ್ದಕ್ಕಿಂತ ತಿಳಿಯಾಗಿರುತ್ತದೆ. ನೀಲಿ ಬೆಳಕು, ನೇರಳಾತೀತ ಕಿರಣ ಜಾಸ್ತಿ ಒಳಗೆ ಹೋಗುತ್ತದೆ. ‘ನಾನು ನೋಡಿದೆ, ಏನೂ ಆಗಲಿಲ್ಲ’ ಅಂತ ದೊಡ್ಡವರೊಬ್ಬರು ಹೇಳಿದರೆ ಅದು ಮಕ್ಕಳಿಗೆ ಅನ್ವಯ ಆಗುವುದಿಲ್ಲ.

ಕಪ್ಪಾಗಿ ಕಂಡರೆ ಸಾಕು ಅನ್ನುವುದೂ ಸರಿಯಲ್ಲ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಿಡಿ ಯಾವುದನ್ನೂ ನಂಬಬೇಡಿ. ಕಣ್ಣಿಗೆ ಕಾಣದ ಶಾಖದ ಕಿರಣ ಅವುಗಳಲ್ಲಿ ತೂರಿ ಬರಬಹುದು. ಸಗಣಿ ನೀರಿನಲ್ಲಿ ಗ್ರಹಣ ನೋಡುವುದು ನಮ್ಮ ಕಡೆ ಇನ್ನೂ ಇದೆ. ಅದರ ಮೇಲೂ ಭರವಸೆ ಬೇಡ.

ನಂದಿ ತಪ್ಪಲು

ಕಾಣದ ಶಾಖದ ಕಿರಣ ಅಂತ ಮೇಡಂ ಹೇಳಿದ ಮಾತಿಗೆ ಒಂದು ಒಳ್ಳೆಯ ಚರಿತ್ರೆ ಇದೆ. ಮಕ್ಕಳಿಗೆ ಹೇಳಲು ಬರುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನನ್ನು ನೋಡಲು ಬೇರೆ ಬೇರೆ ಬಣ್ಣದ ಗಾಜು ಹಾಕಿ ಪರೀಕ್ಷೆ ಮಾಡುತ್ತಿದ್ದ. ಕೆಲವು ಗಾಜಿನಲ್ಲಿ ಬೆಳಕು ಕಡಿಮೆ, ಆದರೂ ಕಣ್ಣಿಗೆ ಬಿಸಿ ತಟ್ಟುತ್ತಿತ್ತು. ಕೆಲವು ಗಾಜಿನಲ್ಲಿ ಬೆಳಕು ಜಾಸ್ತಿ, ಬಿಸಿ ಇಲ್ಲ. ಅದು ಯಾಕೆ ಅಂತ ಥರ್ಮಾಮೀಟರ್ ಹಿಡಿದು ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಅವಕೆಂಪು ಕಿರಣ. ಸೂರ್ಯನ ಫಿಲ್ಟರ್ ಹುಡುಕಾಟದಲ್ಲೇ ಹುಟ್ಟಿದ ಶೋಧ ಅದು.

ಮನೆಯಲ್ಲಿ ಕುಳಿತು ಅವಕೆಂಪನ್ನು ಅಳೆಯಲು ನಮ್ಮ ಕೈಯಲ್ಲಿ ಆಗುವುದಿಲ್ಲ. ಅದಕ್ಕೇ ಗೊತ್ತಿರುವ ತಯಾರಕರ ಫಿಲ್ಮ್ ಮಾತ್ರ ಕೊಳ್ಳಿ ಅನ್ನುತ್ತೇನೆ. ಆನ್‌ಲೈನಿನಲ್ಲಿ ಹೆಸರಿಲ್ಲದ ಹಾಳೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಗ್ಗವೂ ಹೌದು. ಬೇಡ.

ಗುಡಿಬಂಡೆ ಟೀಚರ್

ಇಷ್ಟು ಬೇಗ ಇಷ್ಟು ಉತ್ತರ! ತುಂಬಾ ಧನ್ಯವಾದ. ಕಪ್ಪು ಗಾಜನ್ನು ಸುತ್ತಿಗೆಯಿಂದ ಒಡೆದೆ. ಹತ್ತನೇ ಕ್ಲಾಸಿನ ಮಕ್ಕಳನ್ನು ಕರೆದು ಅವರ ಮುಂದೆಯೇ ಒಡೆದೆ, ಯಾಕೆ ಅಂತಲೂ ಹೇಳಿದೆ.

ಫಿಲ್ಮ್ ತರಿಸಿದರೆ ಅದನ್ನು ಟೆಲಿಸ್ಕೋಪಿಗೆ ಕೂರಿಸುವುದು ಹೇಗೆ? ಸುಮ್ನೆ ರಬ್ಬರ್ ಬ್ಯಾಂಡ್ ಹಾಕಿದರೆ ಆಗುತ್ತಾ?

ಶಿಡ್ಲಘಟ್ಟ ರೀಲರ್

ರಬ್ಬರ್ ಬ್ಯಾಂಡ್ ಖಂಡಿತ ಬೇಡ ಅಕ್ಕ. ಬಿಸಿಲಿಗೆ ಹರಿಯುತ್ತದೆ. ನಮ್ಮ ಕಡೆಯ ಗಾಳಿ ನಿಮಗೇ ಗೊತ್ತು. ಆಷಾಢದಲ್ಲಿ ತಗಡೇ ಹಾರುತ್ತದೆ, ಹಾಳೆ ನಿಲ್ಲುತ್ತಾ?

ನಾನು ಮಾಡಿದ ರೀತಿ ಹೇಳುತ್ತೇನೆ. ದಪ್ಪ ರಟ್ಟಿನ ಪಟ್ಟಿಯನ್ನು ಟ್ಯೂಬಿನ ಬಾಯಿಗೆ ಸುತ್ತಿ ಬಿಗಿಯಾದ ಬಳೆ ಮಾಡಿ. ಎರಡು ಮೂರು ಸುತ್ತು ಬರಲಿ, ಫೆವಿಕಾಲ್ ಹಾಕಿ ಒಣಗಿಸಿ. ಒಳಗೆ ತೆಳ್ಳಗೆ ಫೆಲ್ಟ್ ಬಟ್ಟೆ ಅಂಟಿಸಿದರೆ ಟ್ಯೂಬಿನ ಮೇಲೆ ಹಿಡಿದು ಕೂರುತ್ತದೆ. ಆಮೇಲೆ ನಡುವೆ ತೂತು ಇರುವ ಎರಡು ರಟ್ಟಿನ ಚಕ್ರ ಕತ್ತರಿಸಿ. ಫಿಲ್ಮನ್ನು ಅವುಗಳ ನಡುವೆ ಡಬಲ್ ಸೈಡ್ ಟೇಪಿನಲ್ಲಿ ಕೂರಿಸಿ. ಅದನ್ನು ಬಳೆಗೆ ಅಂಟಿಸಿ. ಕಸೂತಿ ಹಾಕುವ ಮರದ ರಿಂಗಿನಲ್ಲೂ ಹಿಡಿಸಬಹುದು. ಆದರೆ ಅದರಲ್ಲಿ ಫಿಲ್ಮನ್ನು ಬಿಗಿಯಾಗಿ ಎಳೆಯಬೇಕು ಅನ್ನಿಸುತ್ತದೆ. ಎಳೆಯಬೇಡಿ. ಎಳೆದರೆ ಚಿತ್ರ ಕೆಡುತ್ತದೆ. ಸಡಿಲವಾಗಿ, ಸ್ವಲ್ಪ ಸುಕ್ಕಾಗಿಯೇ ಇರಲಿ. ಸುಕ್ಕು ಕಂಡು ಹೆದರಬೇಡಿ. ಹಾಳೆ ಅಷ್ಟು ತೆಳು, ಸುಕ್ಕಿನಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ.

ಕೂರಿಸಿದ ಮೇಲೂ ಮೂರು ಕಡೆ ಟೇಪ್ ಹಾಕಿ ಟ್ಯೂಬಿಗೆ ಬಿಗಿಯಿರಿ. ಟ್ಯೂಬನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ. ಬಿದ್ದರೆ ಮತ್ತೆ ಮಾಡಿ.

ನಂದಿ ತಪ್ಪಲು

130 ಮಿ.ಮೀ.ಗೆ ಪೂರ್ತಿ ಬಾಯಿಗೆ ಫಿಲ್ಮ್ ಹಾಕುವ ಅಗತ್ಯ ಇಲ್ಲ. ಅದರ ಧೂಳಿನ ಮುಚ್ಚಳ ನೋಡಿ. ಬಹಳಷ್ಟು ನ್ಯೂಟೋನಿಯನ್‌ಗಳ ಮುಚ್ಚಳದಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಸಣ್ಣ ತೂತು ಸಿಗುತ್ತದೆ. ಆ ತೂತಿಗೆ ಒಳಗಿನಿಂದ ಫಿಲ್ಮ್ ಅಂಟಿಸಿ, ದೊಡ್ಡ ಮುಚ್ಚಳವನ್ನು ಟೇಪಿನಿಂದ ಬಿಗಿದರೆ ಗಟ್ಟಿಯಾದ ಫಿಲ್ಟರ್ ಸಿದ್ಧ.

ಇನ್ನೊಂದು ಮುಖ್ಯ ವಿಷಯ. ಮೇಲಿರುವ ಪುಟ್ಟ ಫೈಂಡರ್, ಅಂದರೆ ಗುರಿ ಹಿಡಿಯಲು ಇರುವ ಸಣ್ಣ ಟೆಲಿಸ್ಕೋಪ್. ದೊಡ್ಡ ಟ್ಯೂಬಿಗೆ ಫಿಲ್ಟರ್ ಹಾಕಿ ಫೈಂಡರ್ ಹಾಗೇ ಬಿಡುವುದು ಜಾಸ್ತಿ ಆಗುವ ಪ್ರಮಾದ. ಮಗು ಮೊದಲು ಅದರಲ್ಲೇ ಕಣ್ಣಿಡುತ್ತದೆ. ಸೂರ್ಯನ ದಿನ ಫೈಂಡರನ್ನು ಬಿಚ್ಚಿ ಸ್ಟಾಫ್ ರೂಮಿನಲ್ಲೇ ಇಟ್ಟು ಬನ್ನಿ.

ಹಾಗಾದರೆ ಸೂರ್ಯನಿಗೆ ಗುರಿ ಇಡುವುದು ಹೇಗೆ? ನೆಲದ ಮೇಲೆ ಟ್ಯೂಬಿನ ನೆರಳು ನೋಡಿ. ನೆರಳು ಎಷ್ಟು ಸಣ್ಣದಾಗುತ್ತದೋ ಅಷ್ಟು ಹತ್ತಿರ ಬಂದಿದ್ದೀರಿ ಅಂತ ಅರ್ಥ. ನೆರಳು ದುಂಡಗಾದಾಗ ಸೂರ್ಯ ಐಪೀಸಿನಲ್ಲಿ ಇರುತ್ತಾನೆ. ಶುರುವಿಗೆ 25 ಮಿ.ಮೀ. ಐಪೀಸ್ ಹಾಕಿ. 700 ಮಿ.ಮೀ.ಗೆ 28 ಪಟ್ಟು ಆಗುತ್ತದೆ, ಇಡೀ ಸೂರ್ಯ ಆರಾಮವಾಗಿ ಹಿಡಿಸುತ್ತಾನೆ.

ಮುದ್ದೇನಹಳ್ಳಿ ಅಪ್ಪ

ನನ್ನ ಮಗಳೂ ಎಂಟನೇ ಕ್ಲಾಸು. ಟೀಚರ್ ಮೇಲೆ ನಂಬಿಕೆ ಇಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಆದರೆ ನಲವತ್ತು ಮಕ್ಕಳು, ಒಬ್ಬರು ಟೀಚರ್. ಯಾರೋ ಒಬ್ಬ ತುಂಟ ಆ ರಟ್ಟಿನ ಮುಚ್ಚಳ ಕಿತ್ತರೆ? ಆಗ ಐಪೀಸಿನಲ್ಲಿ ಇನ್ನೊಂದು ಮಗು ನೋಡುತ್ತಿದ್ದರೆ? ನನಗೆ ಇದೇ ಭಯ.

ಚಿಂತಾಮಣಿ ಕಣ್ಣಿನ ಪರೀಕ್ಷಕಿ

ಅವರ ಭಯ ಸರಿಯಾಗಿಯೇ ಇದೆ. ನನಗೂ ಇದೇ ಪ್ರಶ್ನೆ. ಮಕ್ಕಳು ಐಪೀಸಿಗೆ ಕಣ್ಣೇ ಇಡದ ಹಾಗೆ ತೋರಿಸಲು ಆಗುವುದಿಲ್ಲವಾ?

ನಂದಿ ತಪ್ಪಲು

ಆಗುತ್ತದೆ. ಅದೇ ಎಲ್ಲಕ್ಕಿಂತ ಹಳೆಯ ದಾರಿ. ಗೆಲಿಲಿಯೋ ಕಾಲದಲ್ಲೇ ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಕಲೆಗಳನ್ನು ಬರೆಯುತ್ತಿದ್ದರು. 1859 ಸೆಪ್ಟೆಂಬರ್ 1ರಂದು ರಿಚರ್ಡ್ ಕ್ಯಾರಿಂಗ್ಟನ್ ಮೊದಲ ಸೌರಜ್ವಾಲೆಯನ್ನು ಕಂಡದ್ದೂ ಹೀಗೆ ಬೀಳಿಸಿದ ಬಿಂಬದಲ್ಲೇ.

ಆದರೆ ಬಯಲಿನಲ್ಲಿ ಬಿಳಿ ರಟ್ಟು ಹಿಡಿದು ಬೀಳಿಸುವುದು ಶಾಲೆಗೆ ಸರಿಯಲ್ಲ. ಐಪೀಸ್ ತೆರೆದೇ ಇರುತ್ತದೆ. ಅದರಿಂದ ಫಿಲ್ಟರ್ ಇಲ್ಲದ ಬೆಳಕು ಬರುತ್ತಿರುತ್ತದೆ. ಮಗು ಬಗ್ಗಿ ನೋಡಿದರೆ ಮುಗಿಯಿತು. ಶಾಲೆಗೆ ಬೇಕಾದದ್ದು ಮುಚ್ಚಿದ ವ್ಯವಸ್ಥೆ. ಅದಕ್ಕೆ ಸನ್ ಫನೆಲ್ ಅಂತಾರೆ. ಎಣ್ಣೆ ಸುರಿಯುವ ದೊಡ್ಡ ಲಾಳಿಕೆಯ ಸಣ್ಣ ಬಾಯಿಗೆ ಐಪೀಸನ್ನು ಕ್ಲಾಂಪ್ ಹಾಕಿ ಬಿಗಿಯುತ್ತೇವೆ. ದೊಡ್ಡ ಬಾಯಿಗೆ ಹಿಂದಿನಿಂದ ಬಿಂಬ ಕಾಣುವ ಪರದೆಯ ಬಟ್ಟೆ ಕಟ್ಟುತ್ತೇವೆ. ಬಿಂಬ ಆ ಪರದೆಯ ಮೇಲೆ ಮೂಡುತ್ತದೆ. ಐಪೀಸ್ ಲಾಳಿಕೆಯ ಒಳಗೆ ಬಂದಿಯಾಗಿರುತ್ತದೆ. ಎಷ್ಟು ತುಂಟ ಆದರೂ ಅಲ್ಲಿಗೆ ಕಣ್ಣು ಹೋಗುವುದಿಲ್ಲ. ನಾಲ್ಕೈದು ಮಕ್ಕಳು ಒಟ್ಟಿಗೆ ನೋಡಬಹುದು, ಟೀಚರ್ ಬೆರಳು ಇಟ್ಟು ‘ಇದೇ ಕಲೆ’ ಅಂತ ತೋರಿಸಬಹುದು. ಐಪೀಸಿನಲ್ಲಿ ಇಣುಕುವ ಮಗುವಿಗೆ ತಾನು ಏನು ನೋಡಬೇಕು ಅಂತಲೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಇದು 70 ಮಿ.ಮೀ. ಲೆನ್ಸಿನದಕ್ಕೆ ಮಾತ್ರ. ನ್ಯೂಟೋನಿಯನ್‌ಗೆ ಮಾಡಬೇಡಿ, ಒಳಗಿನ ಪುಟ್ಟ ಕನ್ನಡಿ ಕಾದು ಹಾಳಾಗುತ್ತದೆ. ಐಪೀಸ್ ಕೂಡ ಹಳೆಯ ಥರದ ಹೈಗೆನ್ಸ್ ಇರಲಿ. ಅದರಲ್ಲಿ ಗಾಜುಗಳನ್ನು ಒಂದಕ್ಕೊಂದು ಅಂಟಿಸಿರುವುದಿಲ್ಲ, ಶಾಖ ತಡೆಯುತ್ತದೆ. ಮೈಯೂ ಪ್ಲಾಸ್ಟಿಕ್ ಆಗಿರದೆ ಲೋಹದ್ದಾಗಿರಲಿ. ದುಬಾರಿ ಐಪೀಸ್ ಹಾಕಿ ಸುಡಬೇಡಿ.

ಶಿಡ್ಲಘಟ್ಟ ರೀಲರ್

ನಾನು ಇಲ್ಲಿ ಸ್ವಲ್ಪ ಬೇರೆ ಹೇಳುತ್ತೇನೆ ಅಣ್ಣ, ಬೇಸರ ಬೇಡ. ನೀವೇ ಮೊದಲು ಹೇಳಿದ ನಿಯಮ ಬೆಳಕನ್ನು ಹೊರಗೇ ತಡೆಯಿರಿ ಅಂತ. ಲಾಳಿಕೆಯಲ್ಲಿ ಪೂರ್ತಿ ಬೆಳಕು ಒಳಗೇ ಹೋಗುತ್ತದಲ್ಲ? ಈಗಿನ ಅಗ್ಗದ 70 ಮಿ.ಮೀ. ಟೆಲಿಸ್ಕೋಪ್‌ಗಳಲ್ಲಿ ಫೋಕಸರ್, ಬೆಳಕನ್ನು ಐಪೀಸಿನ ಕಡೆ ತಿರುಗಿಸುವ ಡಯಾಗನಲ್ ಎಲ್ಲಾ ಪ್ಲಾಸ್ಟಿಕ್. ಸೂರ್ಯ ನಡುವಿನಿಂದ ಸ್ವಲ್ಪ ಜಾರಿದರೆ ಆ ಬಿಸಿ ಚುಕ್ಕೆ ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತದೆ. ಕರಗುತ್ತದೆ.

ನಂದಿ ತಪ್ಪಲು

ಸರಿಯಾದ ಪ್ರಶ್ನೆ. ನನ್ನ ನಿಯಮ ಇರುವುದು ಕಣ್ಣು ಕಾಯಲು. ಲಾಳಿಕೆಯಲ್ಲಿ ಕಣ್ಣಿಗೆ ದಾರಿಯೇ ಇಲ್ಲ, ಅದಕ್ಕೇ ಅದನ್ನು ಬೇರೆಯಾಗಿ ನೋಡುತ್ತೇನೆ. ಸಾಮಾನು ಕರಗುವ ಅಪಾಯ ನೀವು ಹೇಳಿದ ಹಾಗೆ ಇದೆ. ಅದಕ್ಕೆ ಲೆನ್ಸಿನ ಮುಂದೆ ರಟ್ಟು ಹಾಕಿ ಬಾಯಿಯನ್ನು 40 ಮಿ.ಮೀ.ಗೆ ಇಳಿಸಿ. ಒಳಗೆ ಹೋಗುವ ಶಾಖ ಮೂರನೇ ಒಂದು ಪಾಲಿಗೆ ಬರುತ್ತದೆ. ಕಲೆಗಳು ಆಗಲೂ ಚೆನ್ನಾಗಿ ಕಾಣುತ್ತವೆ. ಒಂದೊಂದು ಗುಂಪು ಮಕ್ಕಳು ನೋಡಿದ ಮೇಲೆ ಟ್ಯೂಬನ್ನು ಸೂರ್ಯನಿಂದ ಆಚೆ ತಿರುಗಿಸಿ ತಣ್ಣಗಾಗಲು ಬಿಡಿ. ಟ್ರ್ಯಾಕಿಂಗ್ ಇಲ್ಲದ ಸ್ಟ್ಯಾಂಡಿನಲ್ಲಿ ಸೂರ್ಯ ಎರಡು ನಿಮಿಷಕ್ಕೆ ತನ್ನಷ್ಟೇ ಅಗಲ ಜಾರುತ್ತಾನೆ. ಒಬ್ಬರು ಸದಾ ಅದನ್ನೇ ನೋಡಿಕೊಳ್ಳುತ್ತಿರಬೇಕು.

ಇಲ್ಲಿ ಯಾವ ಸಾಮಾನು ಕೊಂಡರೂ ಇದೊಂದು ಬದಲಾಗುವುದಿಲ್ಲ. ಟೆಲಿಸ್ಕೋಪ್ ಪಕ್ಕ ನಿಲ್ಲಲು ಒಬ್ಬರು, ಸಾಲು ನೋಡಿಕೊಳ್ಳಲು ಇನ್ನೊಬ್ಬರು. ಪಕ್ಕ ನಿಂತವರು ನೀರು ಕುಡಿಯಲು ಹೋಗಬೇಕಾದರೂ ಮೊದಲು ಮುಚ್ಚಳ ಹಾಕಿ ಹೋಗಬೇಕು. ಮುದ್ದೇನಹಳ್ಳಿ ಸರ್, ನಿಮ್ಮಂಥ ಪೋಷಕರು ಒಬ್ಬರು ಬಂದು ನಿಂತರೆ ಟೀಚರಿಗೆ ಆನೆಬಲ.

ಬೆಂಗಳೂರು ರಸ್ತೆ

ನಡುವೆ ಬರುತ್ತಿದ್ದೇನೆ. ಐಪೀಸಿನ ಮುಂದೆ ಕೂರಿಸುವ ಗಾಜಿನ ಸಾಮಾನು ಹರ್ಷೆಲ್ ವೆಡ್ಜ್, ಅದರ ಹೆಸರೇ ಯಾರೂ ಎತ್ತಲಿಲ್ಲ. ಫಿಲ್ಮಿಗಿಂತ ಚಿತ್ರ ಎಷ್ಟೋ ಚೆನ್ನಾಗಿರುತ್ತದೆ. ಕಲೆಯ ಸುತ್ತಲ ನಸುಗಪ್ಪು ಭಾಗದ ಎಳೆಗಳೂ ಕಾಣುತ್ತವೆ. ಶಾಲೆಗೆ ಒಮ್ಮೆ ಕೊಂಡರೆ ಹರಿಯುವ ಹಾಳೆಯ ತಾಪತ್ರಯ ಇಲ್ಲ.

ನಂದಿ ತಪ್ಪಲು

ಚಿತ್ರದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸ್ವತಃ ಬಳಸುವುದೂ ಅದನ್ನೇ. ಲೇಪನ ಇಲ್ಲದ ಗಾಜಿನ ಮೇಲ್ಮೈ ನೂರಕ್ಕೆ ನಾಲ್ಕೈದು ಪಾಲು ಬೆಳಕನ್ನು ಮಾತ್ರ ಐಪೀಸಿನ ಕಡೆ ತಿರುಗಿಸುತ್ತದೆ. ಮಿಕ್ಕದ್ದನ್ನು ಹಿಂದಿನ ಶಾಖದ ಬಲೆಗೆ ಕಳಿಸುತ್ತದೆ. ಆದರೆ ಆ ನಾಲ್ಕೈದು ಪಾಲೂ ಕಣ್ಣಿಗೆ ತುಂಬಾ ಜಾಸ್ತಿ. ಅದಕ್ಕೆ ಮತ್ತೆ ಸಾವಿರದಲ್ಲಿ ಒಂದು ಪಾಲು ಬಿಡುವ ಎನ್‌ಡಿ 3.0 ಫಿಲ್ಟರ್ ಒಳಗೆ ಇರಲೇಬೇಕು. ಯಾರೋ ಸ್ವಚ್ಛ ಮಾಡಲು ಅದನ್ನು ಬಿಚ್ಚಿ, ಮತ್ತೆ ಹಾಕಲು ಮರೆತರೆ? ಶಾಲೆಯಲ್ಲಿ ಟೀಚರ್‌ಗಳಿಗೆ ವರ್ಗಾವಣೆ ಆಗುತ್ತದೆ, ಸಾಮಾನು ಅಲ್ಲೇ ಉಳಿಯುತ್ತದೆ. ಲೆನ್ಸಿನ ಟೆಲಿಸ್ಕೋಪಿಗೆ ಮಾತ್ರ ಹಾಕಬೇಕು ಅನ್ನುವುದೂ ಮರೆಯಬಹುದು. ಒಬ್ಬರೇ ನೋಡುವ ಮನೆಗೆ ವೆಡ್ಜ್ ಸರಿ. ಶಾಲೆಗೆ ನಾನು ಹೇಳುವುದಿಲ್ಲ.

ಬೆಂಗಳೂರು ರಸ್ತೆ

ವರ್ಗಾವಣೆಯ ಮಾತು ನನಗೆ ಹೊಳೆದಿರಲಿಲ್ಲ. ಸರಿ, ವೆಡ್ಜ್ ಬೇಡ. ಹೈಡ್ರೋಜನ್ ಆಲ್ಫಾ ಟೆಲಿಸ್ಕೋಪ್? ಅದಕ್ಕಾದರೆ ಫಿಲ್ಟರ್ ಒಳಗೇ ಕೂರಿಸಿರುತ್ತಾರೆ. ಕಲೆ ಮಾತ್ರ ಅಲ್ಲ, ಅಂಚಿನಲ್ಲಿ ಏಳುವ ಜ್ವಾಲೆಯ ಕಮಾನುಗಳೂ ಕಾಣುತ್ತವೆ. ಮಕ್ಕಳು ಜೀವನದಲ್ಲಿ ಮರೆಯುವುದಿಲ್ಲ.

ನಂದಿ ತಪ್ಪಲು

ಮರೆಯುವುದಿಲ್ಲ, ನಿಜ. 656.28 ನ್ಯಾನೋಮೀಟರಿನ ಆ ಒಂದೇ ಕೆಂಪು ಗೆರೆಯನ್ನು ಬಿಟ್ಟು ಮಿಕ್ಕೆಲ್ಲವನ್ನೂ ತಡೆಯುತ್ತದೆ. ಅದು ಬಿಡುವ ಬೆಳಕಿನ ಪಟ್ಟಿಯ ಅಗಲ ಒಂದು ಆಂಗ್‌ಸ್ಟ್ರಾಮಿಗಿಂತ (ನ್ಯಾನೋಮೀಟರಿನ ಹತ್ತನೇ ಒಂದು ಪಾಲಿಗಿಂತ) ಕಡಿಮೆ. ಅಷ್ಟು ಸೂಕ್ಷ್ಮದ ಫಿಲ್ಟರ್ ಮಾಡುವುದು ಕಷ್ಟ, ಅದಕ್ಕೇ ದುಬಾರಿ. ಲಂಟ್ ಕಂಪನಿಯ 40 ಮಿ.ಮೀ.ನದೇ ನಮ್ಮ ದೇಶಕ್ಕೆ ತರಿಸಿ ಸುಂಕ ಕಟ್ಟುವ ಹೊತ್ತಿಗೆ ಲಕ್ಷದ ಲೆಕ್ಕಕ್ಕೆ ಬರುತ್ತದೆ. ಹಳೆಯ ಕೊರೊನಾಡೊ ಪಿಎಸ್‌ಟಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹುಷಾರು. ಅದರೊಳಗಿನ ಒಂದು ಫಿಲ್ಟರ್ ವರ್ಷಗಳಲ್ಲಿ ಮಂಕಾಗುತ್ತದೆ. ಟಾರ್ಚ್ ಹಾಕಿ ನೋಡದೆ ಕೊಳ್ಳಬೇಡಿ. ನಿಮ್ಮ ಈಗಿನ ಟೆಲಿಸ್ಕೋಪಿಗೆ ಹಾಕುವ ಡೇಸ್ಟಾರ್ ಕ್ವಾರ್ಕ್ ಅನ್ನುವ ಸಾಮಾನೂ ಇದೆ. ಅದಕ್ಕೆ ಕರೆಂಟು ಬೇಕು, ಬಿಸಿಯಾಗಿ ಹದಕ್ಕೆ ಬರುವವರೆಗೆ ಕಾಯಬೇಕು.

ಆ ದುಡ್ಡಿದ್ದರೆ ಹತ್ತಾರು ಶಾಲೆಗೆ ಫಿಲ್ಮ್ ಕೊಡಿಸಬಹುದು. ನನ್ನ ಮನಸ್ಸು ಆ ಕಡೆಗೇ ಹೋಗುತ್ತದೆ.

ಬಾಗೇಪಲ್ಲಿ ಹುಡುಗ

ಸರ್ ಸೀಸ್ಟಾರ್ ಎಸ್50 ಅನ್ನುವ ಸ್ಮಾರ್ಟ್ ಟೆಲಿಸ್ಕೋಪ್ ಬಗ್ಗೆ ಏನಂತೀರಾ? ಯೂಟ್ಯೂಬಿನಲ್ಲಿ ಎಲ್ಲರೂ ಅದನ್ನೇ ತೋರಿಸುತ್ತಾರೆ. ಸೂರ್ಯನ ಫಿಲ್ಟರ್ ಜೊತೆಗೇ ಬರುತ್ತದೆ.

ಬೆಂಗಳೂರು ರಸ್ತೆ

ಇದು ಒಳ್ಳೆಯ ಮಾತು. ಅದರಲ್ಲಿ ಐಪೀಸೇ ಇಲ್ಲ, ಕ್ಯಾಮೆರಾ ಮಾತ್ರ. ಚಿತ್ರ ಮೊಬೈಲಿಗೆ ಬರುತ್ತದೆ. ತಾನೇ ಸೂರ್ಯನನ್ನು ಹಿಂಬಾಲಿಸುತ್ತದೆ. ಶಾಲೆಯ ಸ್ಮಾರ್ಟ್ ಬೋರ್ಡಿಗೆ ಹಾಕಿದರೆ ಇಡೀ ಕ್ಲಾಸು ಒಟ್ಟಿಗೆ ನೋಡಬಹುದು. ಕಣ್ಣಿನ ಭಯವೇ ಇಲ್ಲ. 250 ಮಿ.ಮೀ. ಫೋಕಲ್ ಲೆಂತ್, ಹಾಗಾಗಿ ಸೂರ್ಯನ ಬಿಂಬ ಸೆನ್ಸರ್ ಮೇಲೆ 2.3 ಮಿ.ಮೀ. ಬರುತ್ತದೆ, ಪಿಕ್ಸೆಲ್ ಲೆಕ್ಕದಲ್ಲಿ 800ರ ಹತ್ತಿರ. ಕಲೆಗಳಿಗೆ ಸಾಕು. ಫಿಲ್ಟರ್ ಹಾಕದೆ ಸೂರ್ಯನ ಕಡೆ ತಿರುಗಿಸಿದರೆ ಸೆನ್ಸರ್ ಹೋಗುತ್ತದೆ, ಅಷ್ಟು ನೋಡಿಕೊಳ್ಳಬೇಕು.

ಗುಡಿಬಂಡೆ ಟೀಚರ್

ಕೇಳಲು ಚೆನ್ನಾಗಿದೆ. ಆದರೆ ನನ್ನ ಮಕ್ಕಳು ಮೊಬೈಲಿನಲ್ಲಿ ಸೂರ್ಯನ ಚಿತ್ರ ಎಷ್ಟು ಬೇಕಾದರೂ ನೋಡಬಹುದು. ಆದಿತ್ಯ ಎಲ್1 ತೆಗೆದ ಚಿತ್ರವನ್ನೇ ಪಾಠದಲ್ಲಿ ತೋರಿಸಿದ್ದೇನೆ. ನನಗೆ ಬೇಕಾಗಿರುವುದು ಅವರ ಶಾಲೆಯ ಅಂಗಳಕ್ಕೆ ಬಿದ್ದ ಬಿಸಿಲೇ ಪರದೆಯ ಮೇಲೆ ಸೂರ್ಯನಾಗಿ ಮೂಡುವುದು. ಲಾಳಿಕೆಯ ಯೋಚನೆ ನನ್ನ ಮನಸ್ಸಿಗೆ ಹಿಡಿಸಿತು. ಪೆನ್ಸಿಲ್ಲಿನಲ್ಲಿ ಕಲೆಗಳನ್ನು ಬರೆದುಕೊಳ್ಳಲು ಆಗುತ್ತದೆಯಾ?

ನಂದಿ ತಪ್ಪಲು

ಆಗುತ್ತದೆ ಟೀಚರ್, ನನಗೆ ಇದರಷ್ಟು ಇಷ್ಟವಾದ ಪಾಠ ಇನ್ನೊಂದಿಲ್ಲ. ಪರದೆಯ ಮೇಲೇ ಬರೆಯಬೇಡಿ. ಒಂದೇ ಅಳತೆಯ ವೃತ್ತ ಇರುವ ಹಾಳೆ ಎಲ್ಲರಿಗೂ ಕೊಡಿ. ಅವರು ನೋಡಿ ಗುರುತು ಹಾಕಲಿ, ದಿನಾಂಕ ಬರೆಯಲಿ. ಟೆಲಿಸ್ಕೋಪನ್ನು ಅಲ್ಲಾಡಿಸದೆ ಬಿಟ್ಟರೆ ಬಿಂಬ ಜಾರುವ ದಿಕ್ಕೇ ಪಶ್ಚಿಮ. ಅದನ್ನು ಬಾಣದ ಗುರುತಾಗಿ ಹಾಕಿಸಿ. ಒಂದು ವಾರದಲ್ಲಿ ಕಲೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದಿರುತ್ತವೆ. ಸೂರ್ಯ ತಿರುಗುತ್ತಿದ್ದಾನೆ ಅಂತ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ನಮ್ಮಿಂದ ನೋಡಿದರೆ ಒಂದು ಸುತ್ತಿಗೆ ಸುಮಾರು 27 ದಿನ.

ಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಸೌರಚಕ್ರಗಳಲ್ಲಿ 25ನೆಯದು 2024ರ ಅಕ್ಟೋಬರ್ ಹೊತ್ತಿಗೆ ತುದಿ ಮುಟ್ಟಿತು. ಈಗ ಇಳಿಯುತ್ತಿದೆ. ಕಲೆ ಕಡಿಮೆಯಾಗುವ ಮೊದಲು ಶುರು ಮಾಡಿ.

ಗೌರಿಬಿದನೂರು ಕಡೆಯವ

ನಮ್ಮ ಜಿಲ್ಲೆಯ ಮಾತು ಬಂತು ಅಂತ ಒಂದು ವಿಷಯ ಸೇರಿಸುತ್ತೇನೆ. ಗೌರಿಬಿದನೂರಿನ ಹತ್ತಿರ ಇರುವ ರೇಡಿಯೊ ದೂರದರ್ಶಕ ಕೇಂದ್ರ ಸೂರ್ಯನನ್ನು ದಿನವೂ ನೋಡುತ್ತದೆ. ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ಹೀಲಿಯೋಗ್ರಾಫ್ ಅಲ್ಲಿ 1997ರಿಂದ ಇದೆ. 40ರಿಂದ 120 ಮೆಗಾಹರ್ಟ್ಸ್ ಅಲೆಗಳಲ್ಲಿ ಸೂರ್ಯನ ಹೊರವಲಯ ಕರೋನಾದ ಚಿತ್ರ ತೆಗೆಯುತ್ತದೆ. ಮೋಡ ಇದ್ದರೂ ಅದಕ್ಕೆ ತೊಂದರೆ ಇಲ್ಲ. ಟೀಚರ್, ಮಳೆಗಾಲದಲ್ಲಿ ನಿಮ್ಮ ಲಾಳಿಕೆಗೆ ಬಿಸಿಲು ಸಿಗದ ದಿನ ಈ ಪಾಠ ಮಾಡಿ. ಗುಡಿಬಂಡೆಯ ಮಕ್ಕಳಿಗೆ ಪಕ್ಕದ ತಾಲ್ಲೂಕಿನಲ್ಲೇ ಇಂಥದ್ದು ಇದೆ ಅಂತ ಗೊತ್ತಿರಬೇಕು.

ಮುದ್ದೇನಹಳ್ಳಿ ಅಪ್ಪ

ಲಾಳಿಕೆಯ ವ್ಯವಸ್ಥೆ ಓದಿದ ಮೇಲೆ ಧೈರ್ಯ ಬಂತು. ನನ್ನ ಮಗಳ ಶಾಲೆಯಲ್ಲೂ ಮಾಡಿಸುತ್ತೇನೆ. ಪಕ್ಕ ನಿಲ್ಲಲು ನಾನೇ ಹೋಗುತ್ತೇನೆ. ಯಾವ ಹೊತ್ತಿನಲ್ಲಿ ನೋಡುವುದು ಒಳ್ಳೆಯದು?

ಶಿಡ್ಲಘಟ್ಟ ರೀಲರ್

ಬೆಳಿಗ್ಗೆ ಸರ್. ಪ್ರಾರ್ಥನೆ ಮುಗಿದ ಕೂಡಲೇ. ಹನ್ನೊಂದರ ಮೇಲೆ ನೆಲ ಕಾದು ಗಾಳಿ ಕುದಿಯುತ್ತದೆ, ಅಂಚು ನಡುಗುತ್ತದೆ. ಸಿಮೆಂಟ್ ತಾರಸಿ, ತಗಡಿನ ಚಾವಣಿ ಬೇಡ. ಹುಲ್ಲಿನ ಮೇಲೆ ಇಡಿ.

ನಂದಿ ತಪ್ಪಲು

ನೀರಿನ ಪಕ್ಕ ಇನ್ನೂ ಒಳ್ಳೆಯದು. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುವಿನ ದ್ವೀಪದಲ್ಲಿ ಕಟ್ಟಿರುವುದು ಇದಕ್ಕೇ. ನೀರು ನೆಲದಷ್ಟು ಬೇಗ ಕಾಯುವುದಿಲ್ಲ, ಮೇಲಿನ ಗಾಳಿ ನೆಮ್ಮದಿಯಾಗಿರುತ್ತದೆ. ಗುಡಿಬಂಡೆಯವರಿಗೆ ಭೈರಸಾಗರದ ಏರಿ ಇದೆ! ತುಂಬಿದ ಕೆರೆಯ ಕಡೆಯಿಂದ ಗಾಳಿ ಬೀಸುವ ಬೆಳಿಗ್ಗೆ ಒಂದು ಸಲ ಅಲ್ಲಿ ಹಾಕಿ ನೋಡಿ. ಮಕ್ಕಳನ್ನು ಕರೆದೊಯ್ದರೆ ನೀರಿನಂಚಿನಿಂದ ದೂರ ಇರಲಿ.

ನಮ್ಮ ಜಿಲ್ಲೆ 13 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ, ಮತ್ತೆ ಆಗಸ್ಟ್ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆಗ ಸಣ್ಣ ಟ್ರೈಪಾಡಿನಲ್ಲಿ ಟ್ಯೂಬು ಕಾಲಿಗೆ ತಾಗುತ್ತದೆ, ತಿರುಗಿಸಲು ಆಗುವುದಿಲ್ಲ. ಅದೂ ಬೆಳಿಗ್ಗೆಯೇ ನೋಡಲು ಒಂದು ಕಾರಣ.

ಗುಡಿಬಂಡೆ ಟೀಚರ್

ನಾನು ತೀರ್ಮಾನ ಮಾಡಿದೆ. ಎ4 ಅಳತೆಯ 5.0 ಫಿಲ್ಮ್ ಒಂದು ಹಾಳೆ, ಲೋಹದ ಮೈಯ ಹೈಗೆನ್ಸ್ ಐಪೀಸ್ ಒಂದು, ಲಾಳಿಕೆ, ಕ್ಲಾಂಪ್, ಪರದೆ ಬಟ್ಟೆ. 70 ಮಿ.ಮೀ.ನದು ಮಕ್ಕಳಿಗೆ, ಲಾಳಿಕೆಯ ಜೊತೆ. 130 ಮಿ.ಮೀ.ನದು ಮುಚ್ಚಳದ ಫಿಲ್ಟರಿನೊಂದಿಗೆ, ಟೀಚರ್‌ಗಳಿಗೆ ಮತ್ತು ಒಬ್ಬೊಬ್ಬರಾಗಿ ಬರುವ ಹತ್ತನೇ ಕ್ಲಾಸಿನವರಿಗೆ. ದುಡ್ಡು ಮಿಕ್ಕಿದರೆ ಗ್ರಹಣದ ಕನ್ನಡಕ. 2031 ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡಿನಲ್ಲಿ ಬಳೆಯಾಗಿ, ನಮಗೆ ಪಾರ್ಶ್ವವಾಗಿ ಕಾಣುತ್ತದೆ ಅಂತ ಓದಿದ್ದೇನೆ. ಅಷ್ಟರಲ್ಲಿ ಶಾಲೆಗೆ ಅಭ್ಯಾಸ ಆಗಿರುತ್ತದೆ.

ಒಂದೇ ಪ್ರಶ್ನೆ ಉಳಿದಿದೆ. ಫಿಲ್ಮ್ ಎಷ್ಟು ವರ್ಷ ಬಾಳುತ್ತದೆ? ಹಾಳಾಗಿದೆ ಅಂತ ಹೇಗೆ ತಿಳಿಯುವುದು?

ನಂದಿ ತಪ್ಪಲು

2032 ನವೆಂಬರ್ 13ನ್ನೂ ಬರೆದಿಟ್ಟುಕೊಳ್ಳಿ. ಆ ಮಧ್ಯಾಹ್ನ ಬುಧ ಸೂರ್ಯನ ಮುಂದೆ ಹಾದುಹೋಗುವುದು ನಮಗೆ ಕಾಣುತ್ತದೆ. ಅದು ಕನ್ನಡಕದಲ್ಲಿ ಕಾಣುವಷ್ಟು ದೊಡ್ಡದಲ್ಲ. ಟೆಲಿಸ್ಕೋಪೇ ಬೇಕು.

ಫಿಲ್ಮಿಗೆ ಇಷ್ಟೇ ವರ್ಷ ಅಂತ ಇಟ್ಟುಕೊಳ್ಳಬೇಡಿ. ಪ್ರತಿ ಸಲ ಹಾಕುವ ಮೊದಲು ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಫಿಲ್ಟರನ್ನು ಒಂದು ಪ್ರಖರ ಬಲ್ಬಿಗೆ ಎದುರಾಗಿ ಹಿಡಿಯಿರಿ. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೆ, ಮಡಿಕೆಯಲ್ಲಿ ಲೇಪನ ಹೋಗಿ ಗೆರೆ ಕಂಡರೆ ತೆಗೆದು ಹೊಸದು ಹಾಕಿ. ತೇಪೆ ಹಚ್ಚಬೇಡಿ. ಹಾಳೆಯಲ್ಲಿ ಮಿಕ್ಕ ತುಂಡು ಇದ್ದೇ ಇರುತ್ತದೆ. ಧೂಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಮೂಗಿಗೆ ಹಾಕುವಂಥ ರಬ್ಬರ್ ಬಲ್ಬಿನಿಂದ ಗಾಳಿ ಊದಿ.

ಶಿಡ್ಲಘಟ್ಟ ರೀಲರ್

ಚೌಕಟ್ಟನ್ನು ಗಟ್ಟಿ ಡಬ್ಬದಲ್ಲಿ ಇಡಿ ಅಕ್ಕ. ಮಿಠಾಯಿ ಡಬ್ಬ ಸಾಕು. ಇಲಿ, ಜಿರಲೆ ರಟ್ಟು ಕಡಿಯುತ್ತವೆ, ಸ್ಟೀಲಿನದಾದರೆ ಇನ್ನೂ ಒಳ್ಳೆಯದು. ಡಬ್ಬದ ಮುಚ್ಚಳದ ಒಳಗೆ ‘ಹಾಕುವ ಮೊದಲು ಬಲ್ಬಿಗೆ ಹಿಡಿದು ನೋಡಿ, ಫೈಂಡರ್ ಬಿಚ್ಚಿ, ಟೇಪ್ ಹಾಕಿ’ ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ನಿಮ್ಮ ನಂತರ ಬರುವವರಿಗೂ ಆಗುತ್ತದೆ.

ರಟ್ಟಿನ ಬಳೆ ಮಾಡಲು ಒಂದು ಭಾನುವಾರ ನಾನು ಗುಡಿಬಂಡೆಗೆ ಬರುತ್ತೇನೆ. ಟ್ಯೂಬಿನ ಹೊರಸುತ್ತಿನ ಅಳತೆ ದಾರದಲ್ಲಿ ತೆಗೆದು ಇಲ್ಲಿ ಹಾಕಿ.

ಗುಡಿಬಂಡೆ ಟೀಚರ್

ನಾಳೆಯೇ ಅಳತೆ ಹಾಕುತ್ತೇನೆ ಅಣ್ಣ. ಬರುವಾಗ ಊಟಕ್ಕೆ ನಮ್ಮ ಮನೆಗೇ ಬನ್ನಿ.